ಎತ್ತಿಕೊಂಡ ಮರಿಗೆ ಮನೆ ಸಿಗುವವರೆಗೆ

ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಿಂತ ಕಾರಿನೊಳಗಿನಿಂದ ಬೆಕ್ಕಿನ ಮರಿಯ ಕೂಗು ಕೇಳಿಸುತ್ತದೆ. ವಾಚ್‌ಮನ್ ಬಂದು ಬಾನೆಟ್ ತೆಗೆಸುತ್ತಾರೆ, ಯಾರೋ ಟಾರ್ಚ್ ಹಿಡಿಯುತ್ತಾರೆ, ಇನ್ಯಾರೋ ಕೈ ತೂರಿಸಿ ಅಂಗೈಯಗಲದ ಜೀವವನ್ನು ಹೊರಗೆ ತೆಗೆಯುತ್ತಾರೆ. ಸ್ವಲ್ಪ ಹೊತ್ತಿಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೊ ಹೋಗುತ್ತದೆ: ‘ಅರ್ಜೆಂಟ್, ಯಾರಾದರೂ ಈ ಮರೀನ ತಗೊಳ್ಳಿ ಪ್ಲೀಸ್.’ ‘ಅಯ್ಯೋ ಪಾಪ’ ಎನ್ನುವವರು, ಕೈಮುಗಿಯುವವರು, ಇನ್ನೊಂದು ಗ್ರೂಪಿಗೆ ದಾಟಿಸುವವರು ಹತ್ತಾರು ಮಂದಿ. ‘ನಮ್ಮನೆಗೆ ತಂದು ಬಿಡಿ’ ಎನ್ನುವ ಒಂದು ಮಾತು ಮಾತ್ರ ಬರುವುದಿಲ್ಲ.

ನಮ್ಮ ಊರುಗಳಲ್ಲಿ ಕನಿಕರಕ್ಕೆ ಬರವಿಲ್ಲ. ತಾಳ್ಮೆಯಿಂದ ಹುಡುಕಿದರೆ ಕೊನೆವರೆಗೂ ಸಾಕುವ ಮನೆಗಳೂ ಸಿಗುತ್ತವೆ. ಬರ ಇರುವುದು ಇವೆರಡರ ನಡುವೆ. ಬೀದಿಯಿಂದ ಎತ್ತಿದ ಪ್ರಾಣಿಯನ್ನು ಮೂರು ವಾರವೋ ಎರಡು ತಿಂಗಳೋ ಇಟ್ಟುಕೊಂಡು, ಕಾಯಿಲೆ ವಾಸಿ ಮಾಡಿ, ಚುಚ್ಚುಮದ್ದು ಕೊಡಿಸಿ, ಮನುಷ್ಯರ ಸಹವಾಸ ಕಲಿಸಿ, ಸರಿಯಾದ ಕೈಗೆ ಒಪ್ಪಿಸುವ ತಾತ್ಕಾಲಿಕ ಮನೆಗಳು ಸಾಲುತ್ತಿಲ್ಲ. ಈ ಕೆಲಸದಲ್ಲಿರುವವರು ಇದನ್ನು ‘ಫಾಸ್ಟರ್’ ಎನ್ನುತ್ತಾರೆ. ರಕ್ಷಣೆಯ ಇಡೀ ಭಾರ ನಿಂತಿರುವುದು ಇದರ ಮೇಲೆ.

ಎಲ್ಲಕ್ಕೂ ಮನೆ ಬೇಕಿಲ್ಲ

2023ರಲ್ಲಿ ಬಿಬಿಎಂಪಿ ನಡೆಸಿದ ಸಮೀಕ್ಷೆಯ ಪ್ರಕಾರ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. 2019ರಲ್ಲಿ ಆ ಸಂಖ್ಯೆ 3.10 ಲಕ್ಷದ ಹತ್ತಿರವಿತ್ತು. ಇಷ್ಟೂ ನಾಯಿಗಳಿಗೆ ಮನೆ ಹುಡುಕುತ್ತೇವೆಂದು ಯಾರೂ ಹೊರಡಲಾರರು, ಹೊರಡುವ ಅಗತ್ಯವೂ ಇಲ್ಲ. ಬೀದಿಯಲ್ಲೇ ಹುಟ್ಟಿ ಬೆಳೆದ, ಅಂಗಡಿಯವರ ಪರಿಚಯವಿರುವ, ಗಟ್ಟಿಮುಟ್ಟಾದ ದೊಡ್ಡ ನಾಯಿಗೆ ಆ ಬೀದಿಯೇ ನೆಲೆ. ಅದಕ್ಕೆ ಬೇಕಿರುವುದು ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುವುದೂ ಇದನ್ನೇ: ಹಿಡಿದ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಕಿವಿಯಲ್ಲಿ ಕತ್ತರಿಸಿದ ಗುರುತಿದ್ದರೆ ಆ ನಾಯಿಗೆ ಆಪರೇಷನ್ ಆಗಿದೆ ಎಂದು ಅರ್ಥ.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಬೇಕೆಂದಾಗ ದೇಶದ ತುಂಬ ಚರ್ಚೆ ಎದ್ದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನು ಮಾರ್ಪಡಿಸಿತು. ರೇಬೀಸ್ ತಗುಲಿದ, ರೇಬೀಸ್ ಶಂಕೆಯಿರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಯ ನಂತರ ಅದೇ ಜಾಗಕ್ಕೆ ಮರಳಿಸಬೇಕು ಎಂದಿತು. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಿ ನಾಯಿಗಳನ್ನು ದತ್ತು ಪಡೆಯಬಹುದು, ಆದರೆ ಅವು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದೂ ಸೇರಿಸಿತು. ಅದೇ ವರ್ಷದ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾ ಸಂಕೀರ್ಣಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಬೇಕು, ಅಲ್ಲಿಗೆ ಮತ್ತೆ ಬಿಡಕೂಡದು ಎಂದು ಹೇಳಿತು. ಹೀಗೆ ನೆಲೆ ತಪ್ಪುವ ನಾಯಿಗಳಲ್ಲಿ ಸಾಧುಸ್ವಭಾವದವಕ್ಕೆ ಮನೆ ಹುಡುಕುವ ಕೆಲಸ ಈಗ ಇನ್ನಷ್ಟು ಜರೂರಾಗಿದೆ.

ಹಾಗಾದರೆ ಮನೆ ಬೇಕಿರುವುದು ಯಾರಿಗೆ? ತಾಯಿ ಸತ್ತ ಅಥವಾ ಕಾಣೆಯಾದ ಮರಿಗಳಿಗೆ, ಅಪಘಾತದಲ್ಲಿ ಕಾಲು, ಕಣ್ಣು ಕಳೆದುಕೊಂಡವಕ್ಕೆ, ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದವಕ್ಕೆ. ಕೊನೆಯ ಗುಂಪಿನ ಪಾಡು ಎಲ್ಲಕ್ಕಿಂತ ಕಷ್ಟದ್ದು. ಸೋಫಾದ ಮೇಲೆ ಮಲಗಿ ಅಭ್ಯಾಸವಾದ ಲ್ಯಾಬ್ರಡಾರ್ ಆಗಲಿ ಪರ್ಷಿಯನ್ ಬೆಕ್ಕಾಗಲಿ ಬೀದಿಯಲ್ಲಿ ಹೆಚ್ಚು ದಿನ ಬದುಕಲಾರವು. ಹಸಿವು, ಬಾಯಾರಿಕೆಯಲ್ಲಿ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೇ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಅರವತ್ತು ವರ್ಷಕ್ಕೂ ಹಳೆಯ ಈ ಮೊತ್ತ ಇಂದು ಯಾರನ್ನೂ ತಡೆಯುವುದಿಲ್ಲ. ಇದು ಬದಲಾಗಲೇಬೇಕು.

ಎತ್ತುವ ಮೊದಲು ಒಂದು ಎಚ್ಚರಿಕೆ. ಬೆಕ್ಕಿನ ಮರಿಗಳು ಒಂಟಿಯಾಗಿ ಕಂಡ ಮಾತ್ರಕ್ಕೆ ಅನಾಥವಾಗಿರುವುದಿಲ್ಲ. ತಾಯಿಬೆಕ್ಕು ಬೇಟೆಗೆ ಹೋಗಿರಬಹುದು, ಒಂದೊಂದೇ ಮರಿಯನ್ನು ಕಚ್ಚಿಕೊಂಡು ಜಾಗ ಬದಲಿಸುತ್ತಿರಬಹುದು. ಮರಿಗಳು ಸ್ವಚ್ಛವಾಗಿ, ಹೊಟ್ಟೆ ತುಂಬಿ ಮಲಗಿದ್ದರೆ ದೂರದಲ್ಲಿ ನಿಂತು ಕೆಲವು ಗಂಟೆ ಕಾಯಬೇಕು. ಮೈ ತಣ್ಣಗಾಗಿ, ಕೊಳಕಾಗಿ, ಬಿಡದೆ ಕೂಗುತ್ತಿದ್ದರೆ ಮಾತ್ರ ಎತ್ತಿಕೊಳ್ಳಬೇಕು.

ಮೊದಲ ರಾತ್ರಿ

ಕಣ್ಣು ಬಿಡದ ಬೆಕ್ಕಿನ ಮರಿ ಕೈಗೆ ಬಂದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಹಸುವಿನ ಹಾಲು ತಂದು ಕುಡಿಸುವುದು. ಒಳ್ಳೆಯ ಮನಸ್ಸಿನಿಂದ ಆಗುವ ಈ ಕೆಲಸಕ್ಕೆ ಎಷ್ಟೋ ಮರಿಗಳು ಬಲಿಯಾಗುತ್ತವೆ. ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ. ಮೊದಲು ಬೇಕಾದದ್ದು ಕಾವು. ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿ, ಹಳೆಯ ಟವೆಲ್ ಸುತ್ತಿ, ರಟ್ಟಿನ ಡಬ್ಬದ ಒಂದು ಬದಿಗೆ ಇಡಬೇಕು. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯಾದರೆ ಮರಿ ಅತ್ತ ಸರಿಯುತ್ತದೆ. ಮೈ ಬೆಚ್ಚಗಾದ ಮೇಲೆ ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಕೊಡಬೇಕು. ಹಸುವಿನ ಹಾಲು ಭೇದಿ ತರಿಸುತ್ತದೆ, ಭೇದಿಯಿಂದ ಮೈಯ ನೀರಿನಂಶ ಬತ್ತುತ್ತದೆ. ನೂರಿನ್ನೂರು ಗ್ರಾಂ ತೂಗುವ ಮೈ ಅದನ್ನು ತಾಳುವುದಿಲ್ಲ.

ಕುಡಿಸುವುದಕ್ಕೂ ಒಂದು ಕ್ರಮವಿದೆ. ಮಗುವಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ತಾಯಿಯ ಹೊಟ್ಟೆಗೆ ಆತುಕೊಂಡಂತೆ ಬೋರಲಾಗಿ ಕೂರಿಸಿ, ಸೂಜಿ ತೆಗೆದ ಸಿರಿಂಜಿನಿಂದ ತೊಟ್ಟು ತೊಟ್ಟಾಗಿ ಹಾಲು ಬಿಡಬೇಕು. ಮರಿ ಚಪ್ಪರಿಸಿ ನುಂಗಿದ ಮೇಲೆ ಮುಂದಿನ ತೊಟ್ಟು. ಕುಡಿದಾದ ಮೇಲೆ ಹತ್ತಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಬಾಲದ ಕೆಳಗೆ ಮೃದುವಾಗಿ ಒರೆಸಬೇಕು. ಮೊದಲ ಮೂರು ವಾರ ಮರಿಗೆ ತಾನಾಗಿ ಮಲಮೂತ್ರ ಮಾಡಲು ಬಾರದು. ತಾಯಿ ನೆಕ್ಕಿ ಮಾಡಿಸುವ ಕೆಲಸವನ್ನು ನಾವು ಹತ್ತಿಯಿಂದ ಮಾಡಿಸಬೇಕು. ಎರಡು ವಾರದೊಳಗಿನ ಮರಿಯಾದರೆ ಇದೆಲ್ಲ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ಅದೇ ಹೊತ್ತಿಗೆ ತೂಕ ನೋಡಿದಾಗ ದಿನಕ್ಕೆ ಹತ್ತು ಗ್ರಾಂನಷ್ಟು ಏರುತ್ತಿದ್ದರೆ ಮರಿ ಉಳಿಯುತ್ತದೆ ಎಂಬ ಭರವಸೆ. ಏರದೆ ನಿಂತರೆ ಬೆಳಗಿನವರೆಗೂ ಕಾಯದೆ ಪಶುವೈದ್ಯರಿಗೆ ತೋರಿಸಬೇಕು.

ಮನೆಯ ಔಷಧಿ ಡಬ್ಬದ ಮೇಲೂ ನಿಗಾ ಇರಲಿ. ಜ್ವರವೆಂದು ಬೆಕ್ಕಿಗೆ ಪ್ಯಾರಸಿಟಮಾಲ್ ಕೊಟ್ಟರೆ ಅದು ಸಾಯಬಹುದು, ಒಂದು ಮಾತ್ರೆಯೇ ಸಾಕು. ನಾಯಿಯ ಉಣ್ಣೆಗೆಂದು ಮಾರುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ವಿಷ. ನೆಲ ಒರೆಸುವ ಫಿನಾಯಿಲ್ ಕಾಲಿಗೆ ಅಂಟಿ, ಬೆಕ್ಕು ಪಾದ ನೆಕ್ಕಿಕೊಂಡರೆ ಅದೂ ಅಪಾಯ.

ನಾಯಿಮರಿಗಳ ವಿಷಯದಲ್ಲಿ ದೊಡ್ಡ ಶತ್ರು ಪಾರ್ವೊ. ವಾಂತಿ, ದುರ್ವಾಸನೆಯ ರಕ್ತಭೇದಿ, ಎರಡು ಮೂರು ದಿನದಲ್ಲಿ ಸಾವು. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿಕೊಂಡು ಮನೆಯಿಂದ ಮನೆಗೆ ಹೋಗುತ್ತದೆ. ಅದಕ್ಕೇ ಅನುಭವಸ್ಥರು ಹೊಸ ಮರಿಯನ್ನು ಎರಡು ವಾರ ಬೇರೆ ಕೋಣೆಯಲ್ಲೇ ಇಡುತ್ತಾರೆ, ಆ ಕೋಣೆಗೆ ಬೇರೆಯೇ ಚಪ್ಪಲಿ ಇಟ್ಟುಕೊಳ್ಳುತ್ತಾರೆ, ನೆಲವನ್ನು ಬ್ಲೀಚ್ ಬೆರೆಸಿದ ನೀರಿನಿಂದ ಒರೆಸುತ್ತಾರೆ. ಜಂತುಹುಳದ ಔಷಧ, ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮುಂದಿನವು, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮರಿಯ ಜೊತೆ ಈ ಲಸಿಕೆ ಕಾರ್ಡೂ ಹೊಸ ಮನೆಗೆ ಹೋಗಬೇಕು.

ರಕ್ಷಿಸುವವರ ಆರೋಗ್ಯವೂ ಮುಖ್ಯ. ಮನುಷ್ಯರಿಗೆ ತಗಲುವ ರೇಬೀಸ್ ಪ್ರಕರಣಗಳಲ್ಲಿ ಶೇ 99ರಷ್ಟಕ್ಕೆ ನಾಯಿಗಳೇ ಮೂಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅಸಾಧ್ಯವೆಂಬಷ್ಟು ಅಪರೂಪ. ಮರಿಯ ಹಲ್ಲು ತಾಗಲಿ, ಉಗುರು ಪರಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಕಾರದಪುಡಿ ಯಾವುದನ್ನೂ ಮೆತ್ತಬಾರದು. ಪದೇ ಪದೇ ಪ್ರಾಣಿಗಳನ್ನು ಮುಟ್ಟುವವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳುವುದು ಕ್ಷೇಮ.

ಆಶ್ರಯತಾಣ ಇದೆಯಲ್ಲ?

‘ಶೆಲ್ಟರ್‌ಗೆ ಕೊಟ್ಟುಬಿಡಿ’ ಎನ್ನುವುದು ನಾವೆಲ್ಲ ಸುಲಭವಾಗಿ ಕೊಡುವ ಸಲಹೆ. ಕರ್ನಾಟಕದಲ್ಲಿ ದಶಕಗಳಿಂದ ಈ ಕೆಲಸ ಮಾಡುತ್ತಿರುವ ಸಂಸ್ಥೆಗಳಿವೆ. ಬೆಂಗಳೂರಿನ ‘ಕ್ಯೂಪಾ’ವನ್ನು 1991ರಲ್ಲಿ ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಅವರಿಗೆ ಆಗ ಎಂಬತ್ತು ದಾಟಿತ್ತು. ಇಂಗ್ಲೆಂಡ್ ಮೂಲದ ಆಕೆ ಅದಕ್ಕೂ ಮೊದಲು ದೆಹಲಿಯಲ್ಲಿ, ಜೈಪುರದಲ್ಲಿ ಪ್ರಾಣಿಗಳಿಗಾಗಿ ಸಂಸ್ಥೆಗಳನ್ನು ಕಟ್ಟಿದ್ದರು; ಕೊನೆಯ ವರ್ಷಗಳನ್ನು ಬೆಂಗಳೂರಿಗೆ ಕೊಟ್ಟರು. ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್‌ನಂಥ ಕಡೆ ಗಾಯಗೊಂಡ ಪ್ರಾಣಿಗಳಿಗೆ ಚಿಕಿತ್ಸೆ, ಆಸರೆ, ದತ್ತು ಎಲ್ಲವೂ ನಡೆಯುತ್ತವೆ.

ಆದರೆ ಆಶ್ರಯತಾಣವಿರುವುದು ಬೇರೆ ದಾರಿಯೇ ಇಲ್ಲದ ಪ್ರಾಣಿಗಳಿಗೆ. ಮೈಗೆ ಹುಳು ಬಿದ್ದ ನಾಯಿ, ಬೆನ್ನುಮೂಳೆ ಮುರಿದ ಬೆಕ್ಕು, ಡಿಸ್ಟೆಂಪರ್ ತಗುಲಿ ಅದುರುತ್ತಿರುವ ಮರಿ ಅಲ್ಲಿ ಮಲಗಿರುತ್ತವೆ. ಲಸಿಕೆಯಾಗದ ಆರೋಗ್ಯವಂತ ಮರಿಗೆ ಇದರಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಇನ್ನೂ ಒಂದು ಕಾರಣವಿದೆ. ನಾಯಿಮರಿ ಲೋಕವನ್ನು ನಂಬಲು ಕಲಿಯುವುದು ಮೂರರಿಂದ ಹನ್ನೆರಡು ವಾರದೊಳಗೆ. ಬೆಕ್ಕಿನ ಮರಿಗೆ ಈ ಅವಧಿ ಇನ್ನೂ ಚಿಕ್ಕದು, ಎರಡರಿಂದ ಏಳು ವಾರ. ಕುಕ್ಕರ್ ಸೀಟಿ, ಮಿಕ್ಸಿ ಸದ್ದು, ಮಕ್ಕಳ ಓಡಾಟ, ಅಜ್ಜಿಯ ಊರುಗೋಲು, ಪೊರಕೆ, ಟಿವಿ — ಇವೆಲ್ಲ ಆ ವಾರಗಳಲ್ಲೇ ರೂಢಿಯಾಗಬೇಕು. ಎಷ್ಟೇ ಪ್ರೀತಿಯಿಂದ ನಡೆಸಿದ ಶೆಲ್ಟರಿನಲ್ಲೂ ಇದು ಕಷ್ಟ. ಸಾಧಾರಣ ಮನೆಯೊಂದರಲ್ಲಿ ಇದು ತಾನಾಗಿ ಆಗುತ್ತದೆ. ಇದಕ್ಕೆ ದೊಡ್ಡ ಮನೆಯೇನೂ ಬೇಡ. ಬಳಸದ ಬಾತ್‌ರೂಮು, ಬಾಗಿಲಿರುವ ಬಾಲ್ಕನಿ, ಸ್ಟಡಿ ಕೋಣೆಯ ಒಂದು ಮೂಲೆ ಸಾಕು.

‘ಗಂಡು ಮರಿ ಇದ್ರೆ ಕೊಡಿ’

ಭಾನುವಾರ ಬೆಳಗ್ಗೆ ನಡೆಯುವ ದತ್ತು ಶಿಬಿರಕ್ಕೆ ಒಮ್ಮೆ ಹೋಗಿ ನೋಡಬೇಕು. ಶಾಮಿಯಾನದ ನೆರಳಲ್ಲಿ ಬೇಲಿಯಂತೆ ಜೋಡಿಸಿದ ತಂತಿಯ ಚೌಕಟ್ಟು, ಒಳಗೆ ನ್ಯೂಸ್‌ಪೇಪರಿನ ಮೇಲೆ ಒಂದರ ಮೇಲೊಂದು ಬಿದ್ದು ಮಲಗಿದ ಮರಿಗಳು, ಕೊರಳಲ್ಲಿ ಬಣ್ಣದ ದಾರ. ಪಕ್ಕದ ಮೇಜಿನ ಮೇಲೆ ಅರ್ಜಿಗಳು. ಅಲ್ಲಿ ಕೂತ ಸ್ವಯಂಸೇವಕಿಯ ಮಾತು ಕೇಳಿದರೆ ಈ ಕೆಲಸದ ಮರ್ಮ ತಿಳಿಯುತ್ತದೆ.

‘ಮೇಡಂ, ಗಂಡು ಮರಿ ಇದ್ರೆ ಕೊಡಿ.’

‘ಹೆಣ್ಣಾದ್ರೆ ಏನಮ್ಮ? ಆರು ತಿಂಗಳಿಗೆ ಆಪರೇಷನ್ ಮಾಡಿಸಿದ್ರೆ ಆಯ್ತು. ನಾವೇ ಮಾಡಿಸಿಕೊಡ್ತೀವಿ. ಮನೆ ಸ್ವಂತದ್ದಾ, ಬಾಡಿಗೇದಾ?’

‘ಬಾಡಿಗೆ. ಓನರ್‌ಗೆ ಹೇಳ್ಬೇಕು.’

‘ಮೊದ್ಲು ಅವ್ರನ್ನ ಕೇಳ್ಕೊಂಡು ಬನ್ನಿ ಅಮ್ಮ. ಮರಿ ನಿಮಗೆ ಅಂತಲೇ ಇಟ್ಟಿರ್ತೀವಿ. ಮನೇಲಿ ಎಲ್ರಿಗೂ ಒಪ್ಪಿಗೆನಾ? ಅಜ್ಜಿ ಏನಂತಾರೆ? ಊರಿಗೆ ಹೋದಾಗ ಯಾರು ನೋಡ್ಕೋತಾರೆ?’

ಇಷ್ಟೆಲ್ಲ ಕೇಳುವುದು ಅಧಿಕಪ್ರಸಂಗವೆಂದು ಕೆಲವರು ಮುನಿಸಿಕೊಳ್ಳುತ್ತಾರೆ. ಒಂದೊಂದು ಪ್ರಶ್ನೆಯ ಹಿಂದೆಯೂ ವಾಪಸ್ ಬಂದ ಮರಿಗಳ ಕಥೆಯಿದೆ. ಓನರ್ ಬೈದರು, ಮಗುವಿಗೆ ಅಲರ್ಜಿಯಾಯಿತು, ವರ್ಗವಾಯಿತು, ಸೋಫಾ ಕಚ್ಚಿತು ಎಂದು ಹಿಂದಿರುಗಿಸಿದವರೇ ಮೇಲು. ಹೇಳದೆ ಕೇಳದೆ ರಿಂಗ್ ರೋಡಿನಲ್ಲಿ ಇಳಿಸಿ ಹೋದವರೂ ಇದ್ದಾರೆ. ಆದ್ದರಿಂದ ಅರ್ಜಿಯಲ್ಲಿ ಎರಡು ಷರತ್ತು ಕಡ್ಡಾಯ: ಸಂತಾನಹರಣ ಮಾಡಿಸಬೇಕು, ಸಾಕಲಾಗದಿದ್ದರೆ ಕೊಟ್ಟವರಿಗೇ ಮರಳಿಸಬೇಕು. ಮರಿ ಕೊಡುವ ಮೊದಲು ಮನೆಗೆ ಹೋಗಿ ನೋಡುವುದು, ಒಂದು ವಾರ, ಒಂದು ತಿಂಗಳು ಕಳೆದ ಮೇಲೆ ಫೋಟೊ ಕೇಳುವುದು ಇದರ ಮುಂದುವರಿಕೆ. ‘ತೋಟದ ಕಾವಲಿಗೆ ಬೇಕು’ ಎಂದವರಿಗೆ, ಮಗುವಿನ ಹುಟ್ಟುಹಬ್ಬದ ಉಡುಗೊರೆಗೆಂದು ಬಂದವರಿಗೆ ಅನುಭವಸ್ಥರು ಮರಿ ಕೊಡುವುದಿಲ್ಲ. ಹಗಲಿಡೀ ಸರಪಳಿಯಲ್ಲಿ ಕಟ್ಟಿಹಾಕುವುದಾದರೆ ಅದು ಮನೆ ಸಿಕ್ಕಂತಲ್ಲ.

ಅಪಾರ್ಟ್‌ಮೆಂಟಿನವರು ‘ಸಂಘದವರು ಬಿಡುವುದಿಲ್ಲ’ ಎನ್ನುವುದುಂಟು. ಸಾಕುಪ್ರಾಣಿಗಳನ್ನು ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ, ಬಹುಮತದ ನಿರ್ಣಯದಿಂದಲೂ ಹಾಗೆ ಮಾಡಲಾಗದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸ್ಪಷ್ಟಪಡಿಸಿದೆ. ಲಸಿಕೆ ಹಾಕಿಸುವುದು, ಹೊರಗೆ ಹೋಗುವಾಗ ಬೆಲ್ಟ್ ಹಾಕುವುದು, ನಾಯಿಯ ಮಲವನ್ನು ತಾವೇ ಎತ್ತುವುದು ಸಾಕುವವರು ನೆರೆಹೊರೆಗೆ ತೋರಿಸಬೇಕಾದ ಮರ್ಯಾದೆ.

ಕೊನೆಗೆ ಉಳಿಯುವವು

ಶಿಬಿರ ಮುಗಿಯುವ ಹೊತ್ತಿಗೆ ಬಿಳಿ, ಕಂದು ಬಣ್ಣದ ಗಂಡು ಮರಿಗಳು ಹೋಗಿರುತ್ತವೆ. ಉಳಿಯುವುದು ಹೆಣ್ಣು ಮರಿಗಳು, ಕಪ್ಪು ಮರಿಗಳು, ಕುಂಟುವವು, ಆರು ತಿಂಗಳು ದಾಟಿದವು. ಕರಿಬೆಕ್ಕಿನ ಗತಿಯಂತೂ ಹೇಳುವುದೇ ಬೇಡ. ಬೆಕ್ಕು ಅಡ್ಡ ಬಂದರೆ ಅಪಶಕುನ ಎಂಬ ಮಾತನ್ನು ನಂಬುವ ನಾಡಿನಲ್ಲೇ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯ ಜನ ಬೆಕ್ಕನ್ನು ಮಂಗಮ್ಮದೇವಿಯ ರೂಪವೆಂದು ಪೂಜಿಸುತ್ತ ಬಂದಿದ್ದಾರೆ. ಅದೇ ತಾಲ್ಲೂಕಿನ ಆತಕೂರಿನಲ್ಲಿ ನಾಯಿಯೊಂದರ ಕಥೆ ಹೇಳುವ ಹತ್ತನೇ ಶತಮಾನದ ಒಂದು ಕಲ್ಲು ಸಿಕ್ಕಿತು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರ, ‘ಏನು ಬೇಕು ಕೇಳು’ ಎಂದ ದೊರೆ ಬೂತುಗನಲ್ಲಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಕಾಳಿ ಹಂದಿಯೊಡನೆ ಕಾದಾಡಿ ಸತ್ತಾಗ ದೇವಸ್ಥಾನದ ಎದುರು ಅದಕ್ಕೆ ವೀರಗಲ್ಲು ನೆಟ್ಟು, ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲನ್ನು ಈಗಲೂ ನೋಡಬಹುದು. ಒಮ್ಮೆ ತನ್ನದೆಂದು ಕೇಳಿ ಪಡೆದ ಪ್ರಾಣಿಯ ಹೊಣೆ ಅದರ ಸಾವಿನವರೆಗೂ, ಅದರಾಚೆಗೂ ತನ್ನದೇ ಎಂದು ತಿಳಿದವರು ಇಲ್ಲಿದ್ದರು.

2022ರಲ್ಲಿ ಬಂದ ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ ಕನ್ನಡದ ಮನೆಮನೆಗಳಲ್ಲಿ ನಾಯಿಯ ಬಗ್ಗೆ ಮಾತಾಡಿಸಿತು. ಮರಿ ಹಾಕಿಸಿ ಮಾರುವವರ ಕೈಯಿಂದ ತಪ್ಪಿಸಿಕೊಂಡ ನಾಯಿಯ ಕಥೆ ಅದು. ಸಿನಿಮಾ ನೋಡಿ ಅತ್ತವರು ಲ್ಯಾಬ್ರಡಾರ್ ಕೊಳ್ಳಲು ಅಂಗಡಿಗೆ ಹೋದರೆ ಕಥೆಯ ಅರ್ಧವಷ್ಟೇ ಮುಟ್ಟಿತೆಂದಾಯಿತು. ಹೊಟ್ಟೆ ತುಂಬಿಸಿದರೆ ನಿಷ್ಠೆಯಿಂದಿರುವ, ನಮ್ಮ ಸೆಕೆ ಮಳೆಗೆ ಒಗ್ಗಿದ, ರಕ್ತಸಂಬಂಧದ ಕೂಡಿಕೆಯಿಂದ ಬರುವ ರೋಗಗಳು ಕಡಿಮೆಯಿರುವ ನಾಟಿ ನಾಯಿ ನಮ್ಮ ಬೀದಿಯಲ್ಲೇ ಇದೆ.

ಮನೆ ಸೇರಿದ ಮೇಲೆ

ಹೊಸ ಮನೆಗೆ ಬಂದ ಪ್ರಾಣಿ ಮೊದಲ ದಿನ ಊಟ ಬಿಡಬಹುದು, ಮಂಚದ ಕೆಳಗೆ ಸೇರಿಕೊಳ್ಳಬಹುದು, ರಾತ್ರಿಯಿಡೀ ಕೂಗಬಹುದು. ಅನುಭವಸ್ಥರು ಮೂರರ ಲೆಕ್ಕ ಹೇಳುತ್ತಾರೆ: ಗಾಬರಿ ಇಳಿಯಲು ಮೂರು ದಿನ, ದಿನಚರಿಗೆ ಹೊಂದಲು ಮೂರು ವಾರ, ಇದು ನನ್ನ ಮನೆ ಎನ್ನಿಸಲು ಮೂರು ತಿಂಗಳು. ಬೆಕ್ಕನ್ನು ಮೊದಲು ಒಂದೇ ಕೋಣೆಯಲ್ಲಿಟ್ಟು ಆಮೇಲೆ ಇಡೀ ಮನೆ ತೋರಿಸಬೇಕು. ಕಿಟಕಿ, ಬಾಲ್ಕನಿಗೆ ಬಲೆ ಹಾಕಿಸದೆ ಮೇಲಂತಸ್ತಿನ ಮನೆಗೆ ಬೆಕ್ಕನ್ನು ಕರೆತರಬಾರದು. ಪಾರಿವಾಳದ ಹಿಂದೆ ಜಿಗಿದು ಬೀಳುವ ಬೆಕ್ಕುಗಳನ್ನು ನಗರದ ಪಶುವೈದ್ಯರು ನೋಡುತ್ತಲೇ ಇರುತ್ತಾರೆ. ಮೊದಲ ವಾರದಲ್ಲೇ ‘ನಮಗೆ ಆಗುವುದಿಲ್ಲ’ ಎಂದು ಸೋಲೊಪ್ಪುವವರಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ ಎಷ್ಟೋ ಮರಿಗಳು ಅಲ್ಲೇ ಉಳಿಯುತ್ತವೆ.

ಇಷ್ಟಾದ ಮೇಲೂ ಬಾಕಿ ಉಳಿಯುವ ಒಂದು ಕೆಲಸವಿದೆ: ಬೀದಿಯಲ್ಲೇ ಉಳಿದ ತಾಯಿ. ನಾಯಿಯ ಗರ್ಭ ಸುಮಾರು 63 ದಿನ, ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ಹೆಣ್ಣುಬೆಕ್ಕು ಹೆತ್ತ ಕೆಲವೇ ವಾರಗಳಲ್ಲಿ ಮತ್ತೆ ಬೆದೆಗೆ ಬರಬಹುದು. ನಾಲ್ಕೈದು ತಿಂಗಳ ಮರಿಯೇ ಗರ್ಭ ಧರಿಸುವುದುಂಟು. ಐದು ಮರಿಗಳಿಗೆ ಮನೆ ಹುಡುಕಿ ತಾಯಿಯನ್ನು ಹಾಗೇ ಬಿಟ್ಟರೆ ಮುಂದಿನ ಸಲ ಅದೇ ಮೂಲೆಯಲ್ಲಿ ಇನ್ನೈದು. ಮರಿಗಳು ಹಾಲು ಬಿಟ್ಟ ಕೂಡಲೇ ತಾಯಿಗೆ ಆಪರೇಷನ್ ಮಾಡಿಸುವುದೂ ಸೇರಿದರೆ ಮಾತ್ರ ಆ ಬೀದಿಯ ರಕ್ಷಣೆ ಪೂರ್ತಿಯಾಗುತ್ತದೆ.

ಪಾಲಿಕೆ, ನಗರಸಭೆಗಳು ಹಿಡಿಯುವ, ಕೂಡಿಹಾಕುವ ಲೆಕ್ಕಾಚಾರದಲ್ಲೇ ಹಣ ಸುರಿಯುತ್ತಿವೆ. ವಾರ್ಡಿಗೊಂದು ತಾತ್ಕಾಲಿಕ ಮನೆಗಳ ಪಟ್ಟಿ ಮಾಡಿ, ಆ ಮನೆಗಳಿಗೆ ಲಸಿಕೆ, ಆಹಾರ, ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಕೊಟ್ಟರೆ ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸವಾಗುತ್ತದೆ. ಸರ್ಕಾರ ಅದನ್ನು ಮಾಡುವವರೆಗೂ ನಾವು ಕಾಯಬೇಕಿಲ್ಲ. ಜೀವನಪೂರ್ತಿ ಸಾಕಲಾರೆವು ಎನ್ನುವವರಿಗೆ ಅವರದೇ ಕಾರಣಗಳಿರುತ್ತವೆ: ವಯಸ್ಸಾಗಿದೆ, ಬಾಡಿಗೆ ಮನೆ, ವರ್ಗದ ನೌಕರಿ. ಅಂಥವರೇ ಈ ಕೆಲಸಕ್ಕೆ ಬೇಕಾದವರು. ಮುಂದಿನ ಸಲ ಗ್ರೂಪಿನಲ್ಲಿ ಮರಿಯ ಫೋಟೊ ಬಂದಾಗ ‘ಮೂರು ವಾರ ನಮ್ಮನೆಯಲ್ಲಿರಲಿ, ಅಷ್ಟರಲ್ಲಿ ನೀವು ಮನೆ ಹುಡುಕಿ’ ಎಂದು ಒಬ್ಬರು ಬರೆದರೂ ಸಾಕು, ಆ ಮರಿ ಬದುಕುತ್ತದೆ. ಬೀದಿಗೊಂದು ಅಂಥ ಮನೆಯಾದರೆ ಊರಿನ ಮರಿಗಳೆಲ್ಲ ಬದುಕುತ್ತವೆ.